ಕೊಡಗಿನ ಕಣಿವೆಗೆ ಯಾವ ಎರಡು ಸೀಟಿನ ಬುಷ್ ವಿಮಾನ? ಐದು ಮಾದರಿಗಳ ಹೋಲಿಕೆ

ಕೊಡಗಿನಲ್ಲಿ ಸಮತಟ್ಟಾದ ನೆಲವೆಂದರೆ ಗದ್ದೆ, ಗದ್ದೆಯೆಂದರೆ ಎರಡು ಬದಿಗೂ ಕಾಫಿ ತೋಟ ಏರಿಹೋಗುವ ಕಣಿವೆಯ ತಳ. ಉಳಿದ ತೆರೆದ ಜಾಗ ಬಾಣೆ, ಅದು ಇಳಿಜಾರು. ಜಿಲ್ಲೆಯಲ್ಲಿ ಸಾರ್ವಜನಿಕ ವಿಮಾನ ನಿಲ್ದಾಣವಿಲ್ಲ. ಮೈಸೂರಿನ ಮಂಡಕಳ್ಳಿ, ಮಂಗಳೂರಿನ ಬಜ್ಪೆ, 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣ, ಇವು ಮೂರೂ ಘಟ್ಟದ ಆಚೆ ಅಥವಾ ಬಯಲಿನಲ್ಲಿವೆ. ಇಂಥ ನೆಲದಲ್ಲಿ ಬುಷ್ ವಿಮಾನವನ್ನು, ಅಂದರೆ ಸಿದ್ಧ ರನ್‌ವೇ ಇಲ್ಲದ ಕಡೆಯೂ ಇಳಿದು ಏರಬಲ್ಲ ಎರಡು ಸೀಟಿನ ಹಗುರ ವಿಮಾನವೊಂದನ್ನು ಇಟ್ಟುಕೊಳ್ಳಬೇಕೆಂಬ ಆಸೆ ಹಲವರಿಗಿದೆ. ವಾಯುಪಡೆಯಿಂದ ನಿವೃತ್ತರಾಗಿ ತೋಟಕ್ಕೆ ಮರಳಿದವರು ಇದ್ದಾರೆ, ಹಾರಾಟ ಕಲಿತು ಬಂದ ಮಕ್ಕಳಿರುವ ಮನೆಗಳೂ ಇವೆ. ಅವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಅಡಿ ಓಡಿ ಮೇಲೇಳುತ್ತದೆ? ನಮ್ಮ ಜಿಲ್ಲೆಯ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಇಬ್ಬರನ್ನು ಕೂರಿಸಿಕೊಂಡು, ವಿಮಾನ ಓಡುವ ಪಟ್ಟಿಯ ಕೊನೆಯಲ್ಲಿ ನಿಂತ ಸಿಲ್ವರ್ ಓಕ್ ಮರವನ್ನು ಅದು ಎಷ್ಟು ಅಂತರ ಬಿಟ್ಟು ದಾಟುತ್ತದೆ ಎನ್ನುವುದು ಮೊದಲನೆಯದು. ಈ ಬರಹದ ಹೋಲಿಕೆಯೆಲ್ಲ ಆ ಪ್ರಶ್ನೆಯ ಸುತ್ತ ನಡೆಯುತ್ತದೆ.

ಹೋಲಿಕೆಗೆ ಐದು ಮಾದರಿಗಳನ್ನು ಆಯ್ದುಕೊಂಡಿದ್ದೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ತಯಾರಾಗುವ ಕಬ್‌ಕ್ರಾಫ್ಟರ್ಸ್ ಕಂಪನಿಯ ಕಾರ್ಬನ್ ಕಬ್. ಕ್ರಿಸ್ ಹೈಂಟ್ಸ್ ವಿನ್ಯಾಸ ಮಾಡಿದ ಪೂರ್ಣ ಲೋಹದ ಜೆನಿತ್ ಸ್ಟೋಲ್ ಸಿಎಚ್ 750. ಜಸ್ಟ್ ಏರ್‌ಕ್ರಾಫ್ಟ್ ಕಂಪನಿಯ ಸೂಪರ್‌ಸ್ಟೋಲ್. ಐಡಾಹೊ ರಾಜ್ಯದ ಕಿಟ್‌ಫಾಕ್ಸ್ ಎಸ್7. ಮತ್ತು ಅಳತೆಗೋಲಾಗಿ, 1949ರಿಂದ ತಯಾರಾಗಿ ಈ ಬಗೆಯ ಹಾರಾಟಕ್ಕೆ ಹೆಸರಾದ ಹಳೆಯ ಪೈಪರ್ ಸೂಪರ್ ಕಬ್. ಹಗುರ ಮೈ, ಅಗಲ ರೆಕ್ಕೆ, ದಪ್ಪ ಟೈರು, ನಿಧಾನ ವೇಗದಲ್ಲೂ ಹಿಡಿತ ತಪ್ಪದ ಹಾರಾಟ ಇವೆಲ್ಲದಕ್ಕೂ ಸಮಾನ. ಆಮೇಲಿನ ದಾರಿ ಬೇರೆ ಬೇರೆ.

ಕರಪತ್ರದ ಅಂಕಿ ಮತ್ತು ನಮ್ಮ ಗಾಳಿ

ತಯಾರಕರು ಕೊಡುವ ಅಂಕಿಗಳು ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ, ಗಟ್ಟಿ ನೆಲದ ಮೇಲಿನ ಹಾರಾಟಕ್ಕೆ ಸಂಬಂಧಿಸಿದವು. ಕಾರ್ಬನ್ ಕಬ್ ಎಸ್ಎಸ್ ಕೇವಲ 60 ಅಡಿ ಓಡಿ ನೆಲ ಬಿಡುತ್ತದೆ ಎಂದು ಕಂಪನಿ ಹೇಳುತ್ತದೆ. ಸಿಎಚ್ 750 ಮಾದರಿಗೆ ಈ ಅಂಕಿ 100 ಅಡಿ. 150 ಅಶ್ವಶಕ್ತಿಯ ಸೂಪರ್ ಕಬ್‌ಗೆ 200 ಅಡಿ. ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಲಿಸಲು ಅಡ್ಡಿಯಿಲ್ಲ. ಆದರೆ ಇವನ್ನು ನಂಬಿ ತೋಟದಲ್ಲಿ ಗೂಟ ನೆಡಬಾರದು.

ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್, ಅಂದರೆ 2,700 ಅಡಿಗೂ ತುಸು ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪ ಸುಮಾರು 9.6 ಡಿಗ್ರಿ. ಏಪ್ರಿಲ್‌ನಲ್ಲಿ ಅಲ್ಲಿ ಪಾದರಸ 32ಕ್ಕೆ ಏರಿದಾಗ ವ್ಯತ್ಯಾಸ 22 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿ ಹೆಚ್ಚಳಕ್ಕೂ 120 ಅಡಿಯಂತೆ ಕೂಡಿಸುವುದು ಪೈಲಟ್‌ಗಳು ಬಳಸುವ ಸರಳ ಲೆಕ್ಕ. ಆ ಪ್ರಕಾರ ವಿಮಾನದ ಪಾಲಿಗೆ ಕುಶಾಲನಗರದ ಗಾಳಿ 5,400 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಸಾಂದ್ರತಾ ಎತ್ತರ ಎನ್ನುವುದು ಇದನ್ನೇ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತಾಪ 27 ಡಿಗ್ರಿ ಇದ್ದರೆ ಇದೇ ಲೆಕ್ಕ 6,000 ಅಡಿಯನ್ನು ದಾಟುತ್ತದೆ. ಮಡಿಕೇರಿಯ ಹವೆ ತಂಪು ಎಂದು ನಮ್ಮ ಮೈಗೆ ಅನ್ನಿಸಬಹುದು, ಎಂಜಿನ್ನಿಗೆ ಅದು ಹಾಗೆ ಕಾಣುವುದಿಲ್ಲ.

ತೆಳುಗಾಳಿ ಮೂರು ಕಡೆಯಿಂದ ಶಕ್ತಿಯನ್ನು ಕಸಿಯುತ್ತದೆ. ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ, ಪ್ರೊಪೆಲ್ಲರ್ ಹಿಡಿದು ಹಿಂದಕ್ಕೆ ತಳ್ಳುವ ಗಾಳಿ ಕಡಿಮೆಯಾಗುತ್ತದೆ, ಮತ್ತು ರೆಕ್ಕೆಗೆ ಬೇಕಾದ ಎತ್ತುವ ಬಲ ಹುಟ್ಟಬೇಕಾದರೆ ನೆಲದ ಮೇಲೆ ಇನ್ನಷ್ಟು ವೇಗವಾಗಿ ಓಡಬೇಕಾಗುತ್ತದೆ. ವೇಗಸೂಚಿಯ ಮುಳ್ಳು ಎಂದಿನ ಅಂಕಿಯನ್ನೇ ತೋರಿಸುತ್ತಿರುವಾಗ ಚಕ್ರಗಳು ನೂರಕ್ಕೆ ಎಂಟರಷ್ಟು ಹೆಚ್ಚು ವೇಗದಲ್ಲಿ ಉರುಳುತ್ತಿರುತ್ತವೆ. ಇಳಿಯುವಾಗಲೂ ಅಷ್ಟೇ, ಬ್ರೇಕು ನುಂಗಬೇಕಾದ ಶಕ್ತಿ ಆರರಲ್ಲಿ ಒಂದು ಪಾಲು ಹೆಚ್ಚುತ್ತದೆ.

ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳ ಪೈಲಟ್‌ಗಳಿಗಾಗಿ ಕೆಲವು ಗುಣಕಗಳನ್ನು ಪ್ರಕಟಿಸಿದೆ. ನನಗೆ ಅವು ಬಹಳ ಉಪಯುಕ್ತವಾಗಿ ಕಂಡಿವೆ. ಎತ್ತರ ಸಾವಿರ ಅಡಿ ಹೆಚ್ಚಾದರೆ ಮೇಲೇರುವ ದೂರವನ್ನು 1.1ರಿಂದ ಗುಣಿಸಬೇಕು, ತಾಪ ಹತ್ತು ಡಿಗ್ರಿ ಹೆಚ್ಚಿದರೆ ಮತ್ತೆ 1.1, ತೂಕ ನೂರಕ್ಕೆ ಹತ್ತು ಹೆಚ್ಚಿದರೆ 1.2, ಗೇಣುದ್ದದ ಒಣಹುಲ್ಲಿದ್ದರೆ 1.2, ಹುಲ್ಲು ಒದ್ದೆಯಾಗಿದ್ದರೆ 1.3, ಎಲ್ಲ ಆದ ಮೇಲೆ ಸುರಕ್ಷತೆಗೆ 1.33. ಕರಪತ್ರದ ಪ್ರಕಾರ 50 ಅಡಿ ಎತ್ತರದ ಅಡ್ಡಿಯನ್ನು ದಾಟಲು 150 ಮೀಟರ್ ಸಾಕೆನ್ನುವ ಒಂದು ವಿಮಾನವನ್ನು ಲೆಕ್ಕಕ್ಕೆ ಹಿಡಿಯೋಣ. ಕುಶಾಲನಗರದ ಎತ್ತರ, ಏಪ್ರಿಲ್ ಬಿಸಿಲು, ಒಣಹುಲ್ಲು, ಸುರಕ್ಷತೆಯ ಪಾಲು ಇಷ್ಟನ್ನು ಗುಣಿಸುತ್ತ ಹೋದರೆ 150 ಮೀಟರ್ ಹೋಗಿ 380 ಮೀಟರ್ ಆಗುತ್ತದೆ. ಎರಡೂವರೆ ಪಟ್ಟು! ಪಟ್ಟಿಗೆ ಜಾಗ ಅಳೆಯುವವರು ಈ ಎರಡೂವರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಸರಪಳಿ ಹಿಡಿಯಬೇಕು.

ಇಷ್ಟಕ್ಕೂ 50 ಅಡಿ ಎನ್ನುವುದು ಬೇರೆ ದೇಶದ ಬೇಲಿಸಾಲಿನ ಮರಕ್ಕೆ ಹೊಂದುವ ಅಳತೆ. ನಮ್ಮ ತೋಟದ ನೆರಳಿನ ಮರ ಹಾಗಿಲ್ಲ. ಚೆನ್ನಾಗಿ ಬೆಳೆದ ಸಿಲ್ವರ್ ಓಕ್ 25 ಮೀಟರ್, ಅಂದರೆ 80 ಅಡಿ ಮೇಲೆ ನಿಲ್ಲುತ್ತದೆ, ಅದರ ಮೈತುಂಬ ಕರಿಮೆಣಸಿನ ಬಳ್ಳಿ. ಮೆಣಸಿನ ಬೆಲೆ ತಿಳಿದ ಯಾರೂ ಹಾರಾಟದ ದಾರಿಗೆಂದು ಮರ ಕಡಿಯಲು ಮುಂದಾಗುವುದಿಲ್ಲ, ಕಡಿಯಬೇಕೆಂದು ನಾನೂ ಹೇಳಲಾರೆ. ವಿಮಾನವೇ ಮರವನ್ನು ದಾಟುವಂಥದ್ದಾಗಿರಬೇಕು.

ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಮೇಲೇರುವ ವಿಮಾನ ಒಂದು ನಿಮಿಷದಲ್ಲಿ 1,500 ಮೀಟರ್ ಮುಂದೆ ಸಾಗುತ್ತದೆ. ಅದು ನಿಮಿಷಕ್ಕೆ 600 ಅಡಿ ಏರುವಂಥದ್ದಾದರೆ 25 ಮೀಟರ್ ಎತ್ತರ ಗಳಿಸಲು ನೆಲ ಬಿಟ್ಟ ಮೇಲೆ 205 ಮೀಟರ್ ಬೇಕು. 1,200 ಅಡಿ ಏರುವಂಥದ್ದಾದರೆ 102 ಮೀಟರ್ ಸಾಕು. ಓಟದ ದೂರದಲ್ಲಿ ಎರಡು ವಿಮಾನಗಳ ನಡುವೆ ಹತ್ತಿಪ್ಪತ್ತು ಮೀಟರ್ ವ್ಯತ್ಯಾಸವಿದ್ದರೆ, ಏರಿಕೆಯಲ್ಲಿ ಅದು ನೂರು ಮೀಟರ್ ಆಗುತ್ತದೆ. ಕೊಡಗಿನಲ್ಲಿ ವಿಮಾನವನ್ನು ಏರಿಕೆಯ ಬಲ ನೋಡಿ ಆರಿಸಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಹೊರದೇಶದ ಚಿತ್ರಗಳನ್ನು ನೋಡಿ ಮನಸೋತವರಿಗೆ ಇಲ್ಲಿ ಒಂದು ಮಾತು. 2023ರ ಮಾರ್ಚ್‌ನಲ್ಲಿ ಪೋಲೆಂಡಿನ ಪೈಲಟ್ ಲೂಕ್ ಚೆಪಿಯೆಲಾ ದುಬೈನ ಬುರ್ಜ್ ಅಲ್ ಅರಬ್ ಹೋಟೆಲಿನ 27 ಮೀಟರ್ ಅಗಲದ ಹೆಲಿಪ್ಯಾಡ್ ಮೇಲೆ ಮಾರ್ಪಡಿಸಿದ ಕಾರ್ಬನ್ ಕಬ್ ಇಳಿಸಿ, ಅಲ್ಲಿಂದಲೇ ಮತ್ತೆ ಹಾರಿಸಿದರು. ಅದು ದೀರ್ಘ ತಯಾರಿಯ, ನಿಜವಾದ ಸಾಹಸ. ಆದರೆ ಆ ಹೆಲಿಪ್ಯಾಡ್ ನೆಲದಿಂದ 212 ಮೀಟರ್ ಮೇಲಿದೆ; ಅಂಚು ದಾಟಿದ ವಿಮಾನಕ್ಕೆ ವೇಗ ಕೂಡಿಸಿಕೊಳ್ಳಲು ಕೆಳಗೆ ಅಷ್ಟು ಆಳದ ಬರಿ ಗಾಳಿ ಇತ್ತು. ಅಲಾಸ್ಕದ ವಾಲ್ಡೀಜ್‌ನಲ್ಲಿ ಪ್ರತಿವರ್ಷ ನಡೆಯುವ ಕಿರುದೂರದ ಹಾರಾಟದ ಸ್ಪರ್ಧೆಯೂ ಹೀಗೆಯೇ: ಸಮುದ್ರದ ದಂಡೆ, ತಂಪು ದಟ್ಟ ಗಾಳಿ, ಒಬ್ಬನೇ ಪೈಲಟ್. ನಮ್ಮ ಗದ್ದೆಯ ಕೊನೆಯಲ್ಲಿರುವುದು ತೋಟ, ಪಕ್ಕದ ಸೀಟಿನಲ್ಲಿ ಮನೆಯವರು.

ಒಂದು ಅಶ್ವಶಕ್ತಿ ಎಷ್ಟು ಕಿಲೋ ಹೊರಬೇಕು?

ಏರಿಕೆಯನ್ನು ಹೋಲಿಸಲು ನಾನು ಬಳಸುವ ಅಳತೆ ಸರಳವಾದದ್ದು. ವಿಮಾನದ ಗರಿಷ್ಠ ತೂಕವನ್ನು ಎಂಜಿನ್ನಿನ ಬಲದಿಂದ ಭಾಗಿಸಬೇಕು. ಆದರೆ ಆ ಬಲ ಕರಪತ್ರದ್ದಾಗಿರದೆ ಕುಶಾಲನಗರದ ಏಪ್ರಿಲ್ ಗಾಳಿಯಲ್ಲಿ ಉಳಿಯುವ ಬಲವಾಗಿರಬೇಕು. 5,400 ಅಡಿಯ ಸಾಂದ್ರತೆಯಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಬಲದ ನೂರಕ್ಕೆ 84ರಷ್ಟನ್ನು ಉಳಿಸಿಕೊಳ್ಳುತ್ತದೆ ಎಂದು ಹಿಡಿದರೆ ಹೀಗೆ ಬರುತ್ತದೆ.

ಕಾರ್ಬನ್ ಕಬ್ ಎಸ್ಎಸ್ ಮಾದರಿಯ ಗರಿಷ್ಠ ತೂಕ 600 ಕಿಲೋ, ಎಂಜಿನ್ 180 ಅಶ್ವಶಕ್ತಿ. ಉಳಿಯುವ ಬಲ 151, ಒಂದು ಅಶ್ವಶಕ್ತಿಯ ಪಾಲಿಗೆ ಬರುವ ತೂಕ ಸುಮಾರು 4 ಕಿಲೋ. ಸೂಪರ್ ಕಬ್ 794 ಕಿಲೋ, 150 ಅಶ್ವಶಕ್ತಿ, ಪಾಲಿಗೆ 6.3 ಕಿಲೋ. ಸೂಪರ್‌ಸ್ಟೋಲ್ 600 ಕಿಲೋ, ಅದಕ್ಕೆ ಸಾಮಾನ್ಯವಾಗಿ ಕೂರಿಸುವ ರೊಟ್ಯಾಕ್ಸ್ 912 ಯುಎಲ್ಎಸ್ 100 ಅಶ್ವಶಕ್ತಿ, ಪಾಲಿಗೆ 7.1. ಸಿಎಚ್ 750 ಅದೇ ಎಂಜಿನ್ನಿನೊಂದಿಗೆ ಪೂರ್ಣ 653 ಕಿಲೋ ಹೊತ್ತರೆ 7.8. ಕಿಟ್‌ಫಾಕ್ಸ್ ಎಸ್7 ಮಾದರಿಗೆ 703 ಕಿಲೋ ಹೊರುವ ಅವಕಾಶವಿದೆ. 100 ಅಶ್ವಶಕ್ತಿಯ ಎಂಜಿನ್ನಿನೊಂದಿಗೆ ಅದು ಎಲ್ಲಕ್ಕಿಂತ ಭಾರದ್ದು, 8.4. ಆದರೆ ಅದೇ ಕಿಟ್‌ಫಾಕ್ಸ್‌ಗೆ ರೊಟ್ಯಾಕ್ಸ್ 915 ಐಎಸ್ ಎಂಬ ಟರ್ಬೊ ಎಂಜಿನ್ ಕೂರಿಸಿದರೆ ಚಿತ್ರ ಬದಲಾಗುತ್ತದೆ. ಅದರ 141 ಅಶ್ವಶಕ್ತಿ 15,000 ಅಡಿಯವರೆಗೂ ಕುಗ್ಗುವುದಿಲ್ಲವಾದ್ದರಿಂದ ಕುಶಾಲನಗರವೂ ಒಂದೇ, ಮಡಿಕೇರಿಯೂ ಒಂದೇ: ಪೂರ್ಣ ತೂಕಕ್ಕೆ 5 ಕಿಲೋ, 600 ಕಿಲೋದಷ್ಟೇ ಹೊತ್ತರೆ 4.3. ಸಮುದ್ರಮಟ್ಟದಲ್ಲಿ ಕಾರ್ಬನ್ ಕಬ್‌ಗಿಂತ ಬಹಳ ಹಿಂದುಳಿಯುವ ವಿಮಾನ ನಮ್ಮ ಎತ್ತರಕ್ಕೆ ಬಂದಾಗ ಅದರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕರಪತ್ರಗಳನ್ನು ಮಾತ್ರ ಓದುವವರಿಗೆ ಈ ಅಂಶ ಕಾಣುವುದಿಲ್ಲ.

ಕಾರ್ಬನ್ ಕಬ್‌ನ ಬಲದ ಬಗ್ಗೆಯೂ ಎರಡು ವಿವರ ತಿಳಿದಿರಬೇಕು. 2009ರಲ್ಲಿ ಬಂದ ಎಸ್ಎಸ್ ಮಾದರಿ ಅಮೆರಿಕದ ಹಗುರ ಕ್ರೀಡಾ ವಿಮಾನದ 600 ಕಿಲೋ ಮಿತಿಯೊಳಗೆ ಬರಲೆಂದು ರೂಪುಗೊಂಡದ್ದು. ಅದರ 180 ಅಶ್ವಶಕ್ತಿ ಐದು ನಿಮಿಷದ ಏರಿಕೆಗೆ ಮಾತ್ರ, ಸತತ ಹಾರಾಟಕ್ಕೆ ಕಂಪನಿ ನಿಗದಿ ಮಾಡಿದ್ದು 80. ಕಣಿವೆಯಿಂದ ಹೊರಬರಲು ಐದು ನಿಮಿಷ ಧಾರಾಳ, ಹಾಗಾಗಿ ಇದು ನಮಗೆ ದೊಡ್ಡ ಕೊರತೆಯಲ್ಲ. ತೊಂದರೆ ಇರುವುದು ಹೊರೆಯಲ್ಲಿ. ಖಾಲಿ ವಿಮಾನವೇ ಸುಮಾರು 408 ಕಿಲೋ ತೂಗುತ್ತದೆ. ಉಳಿದ 190 ಕಿಲೋದಲ್ಲಿ ಎಂಬತ್ತು ಎಂಬತ್ತು ಕಿಲೋದ ಇಬ್ಬರು ಕುಳಿತರೆ ಇಂಧನಕ್ಕೆ ಸಿಗುವುದು 30 ಕಿಲೋ, ಅಂದರೆ 40 ಲೀಟರ್ ಚಿಲ್ಲರೆ. ಮೈಸೂರಿಗೆ ಹೋಗಿ ಬರಬಹುದು. ದಾರಿಯಲ್ಲಿ ಮಂಜು ಕವಿದರೆ ಬೇರೆಡೆ ತಿರುಗಿಸಲು ಮನಸ್ಸಿಗೆ ನೆಮ್ಮದಿ ಕೊಡುವಷ್ಟು ಮೀಸಲು ಉಳಿಯುವುದಿಲ್ಲ. ಇದೇ ಕುಟುಂಬದ ಎಫ್ಎಕ್ಸ್-3 ಮಾದರಿ 186 ಅಶ್ವಶಕ್ತಿಯ ಎಂಜಿನ್ ಹೊಂದಿದ್ದು 907 ಕಿಲೋ ತನಕ ಹೊರುತ್ತದೆ. ಕೊಡಗಿನವರು ಕಾರ್ಬನ್ ಕಬ್ ಕೊಳ್ಳುವುದಾದರೆ ಅದನ್ನೇ ನೋಡಬೇಕು, ಮತ್ತು ಅದನ್ನು ಪೂರ್ಣ ತೂಕಕ್ಕಿಂತ ಬಹಳ ಕಡಿಮೆ ಹೊರೆಯಲ್ಲಿ ಹಾರಿಸಬೇಕು.

ಸಿಎಚ್ 750 ಈ ಲೆಕ್ಕದಲ್ಲಿ ಹಿಂದೆ ಬಿದ್ದರೂ ಅದನ್ನು ಬದಿಗಿಡುವ ಮುನ್ನ ಯೋಚಿಸಬೇಕು. ಅದರ ಖಾಲಿ ತೂಕ ಸುಮಾರು 352 ಕಿಲೋ. ಇಬ್ಬರು ಮತ್ತು 50 ಲೀಟರ್ ಇಂಧನ ಸೇರಿದರೆ ಒಟ್ಟು 548 ಕಿಲೋ ಮಾತ್ರ. ಆಗ ಒಂದು ಅಶ್ವಶಕ್ತಿಯ ಪಾಲು 6.5 ಕಿಲೋಕ್ಕೆ ಇಳಿದು ಹಳೆಯ ಸೂಪರ್ ಕಬ್‌ನ ಹತ್ತಿರ ಬರುತ್ತದೆ. ಹೊಳೆಯ ಬದಿಯ ತೆರೆದ ಜಾಗದಲ್ಲಿ, ಎರಡೂ ತುದಿಗೆ ಮರವಿಲ್ಲದ ಪಟ್ಟಿ ಇರುವವರಿಗೆ ಇದು ಸಾಕು. ಕಣಿವೆಯ ಬಾಯಿ ಕಿರಿದಾಗಿದ್ದರೆ ಸಾಲದು.

ರೆಕ್ಕೆಯ ಬಗೆ, ಚಕ್ರದ ಬಗೆ

ಸಿಎಚ್ 750 ರೆಕ್ಕೆಯ ಮುಂಚೂಣಿಯಲ್ಲಿ ಸ್ಲ್ಯಾಟ್ ಎಂಬ ಕಿರಿದಾದ ಎರಡನೆಯ ರೆಕ್ಕೆ ಸ್ಥಿರವಾಗಿ ಕೂತಿರುತ್ತದೆ. ಅದರ ಸಂದಿನಿಂದ ನುಗ್ಗುವ ಗಾಳಿ ಮೇಲ್ಮೈಗೆ ಅಂಟಿಕೊಂಡು ಹರಿಯುವುದರಿಂದ, ಸಾಮಾನ್ಯ ರೆಕ್ಕೆ ಸುಮಾರು 15 ಡಿಗ್ರಿಗೆ ಕೈಬಿಡುವ ಕಡೆ ಇದು ಅದರ ಇಮ್ಮಡಿ ಕೋನದವರೆಗೂ ಹಿಡಿದು ನಿಲ್ಲುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಯಾವಾಗಲೂ ಜೊತೆಗಿರುವ ಗಾಳಿಯ ಎಳೆತ. ಗಂಟೆಗೆ 160 ಕಿಲೋಮೀಟರ್ ಎನ್ನುವುದು ಅದರ ಪಯಣದ ವೇಗದ ಮೇಲಿನ ಅಂಚು. ಸೂಪರ್‌ಸ್ಟೋಲ್‌ನ ಸ್ಲ್ಯಾಟ್‌ಗಳು ನಿಧಾನ ವೇಗದಲ್ಲಿ ತಾವಾಗಿಯೇ ಹೊರಬಂದು, ವೇಗ ಹೆಚ್ಚಿದಾಗ ಒಳಸರಿಯುತ್ತವೆ. ಜೊತೆಗೆ ಹಿಂದಕ್ಕೆ ಜಾರಿ ರೆಕ್ಕೆಯನ್ನು ಅಗಲಿಸುವ ಫೌಲರ್ ಫ್ಲ್ಯಾಪ್, ಮತ್ತು ಎತ್ತರದಿಂದ ಕುಕ್ಕಿದರೂ ತಡೆದುಕೊಳ್ಳುವ ಉದ್ದ ಚಲನೆಯ ಚಕ್ರದ ಕಾಲುಗಳು. ಇಳಿಯುವ ಕೌಶಲದಲ್ಲಿ ಈ ಐದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ 100 ಅಶ್ವಶಕ್ತಿಯಲ್ಲಿ ಅದು ಇಳಿಯಬಲ್ಲ ಎಷ್ಟೋ ಜಾಗಗಳಿಂದ ಇಬ್ಬರನ್ನು ಹೊತ್ತು ಮತ್ತೆ ಏರಲಾರದು. ಅಂಥ ಜಾಗಕ್ಕೆ ಇಳಿದ ವಿಮಾನವನ್ನು ರೆಕ್ಕೆ ಮಡಚಿ ಲಾರಿಯಲ್ಲಿ ತರಬೇಕಾಗುತ್ತದೆ. ಇಳಿಯುವ ದೂರ ಏರುವ ದೂರಕ್ಕಿಂತ ಬಹಳ ಕಡಿಮೆ ಇರುವ ವಿಮಾನ ಅನುಭವ ಸಾಲದ ಪೈಲಟ್‌ನನ್ನು ಅಪಾಯಕ್ಕೆ ಕರೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರ್ಬನ್ ಕಬ್ ಮತ್ತು ಸೂಪರ್ ಕಬ್‌ಗಳಲ್ಲಿ ಇಬ್ಬರು ಹಿಂದೆ ಮುಂದೆ ಕೂರುತ್ತಾರೆ, ಮೂರನೆಯ ಚಕ್ರ ಬಾಲದಲ್ಲಿರುತ್ತದೆ. ಎರಡು ಬದಿಗೂ ನೆಲ ಕಾಣುತ್ತದೆ, ಪ್ರೊಪೆಲ್ಲರ್ ಕಲ್ಲು ಕಸದಿಂದ ದೂರ ಇರುತ್ತದೆ, 26 ಅಥವಾ 31 ಅಂಗುಲದ ಕಡಿಮೆ ಒತ್ತಡದ ಟೈರು ಹಾಕಿದರೆ ಕೊಯ್ಲಾದ ಗದ್ದೆಯ ಕೂಳೆಯನ್ನೂ ಒಡೆದ ಮಣ್ಣನ್ನೂ ಲಕ್ಷಿಸದೆ ಉರುಳುತ್ತದೆ. ಆದರೆ ಬಾಲಚಕ್ರದ ವಿಮಾನದ ಭಾರಕೇಂದ್ರ ಮುಖ್ಯ ಚಕ್ರಗಳ ಹಿಂದಿರುವುದರಿಂದ, ನೆಲದ ಮೇಲೆ ತುಸು ಅಡ್ಡ ತಿರುಗಿದರೆ ಪೂರ್ತಿ ಸುತ್ತಿಕೊಳ್ಳುವ ಸ್ವಭಾವ ಅದಕ್ಕಿದೆ. ಮೂಗುಚಕ್ರದ ವಿಮಾನಗಳಲ್ಲಿ, ಉದ್ದನೆಯ ಕಾಂಕ್ರೀಟ್ ರನ್‌ವೇಗಳಲ್ಲಿ ಸಾವಿರಾರು ಗಂಟೆ ಹಾರಿಸಿದ ಹಿರಿಯರೂ ಇದಕ್ಕಾಗಿ ಹೊಸದಾಗಿ ಪಾಠ ಹೇಳಿಸಿಕೊಳ್ಳಬೇಕು. ಸಿಎಚ್ 750 ಮೂಗುಚಕ್ರದ ವಿಮಾನ, ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಇದರ ಅಣ್ಣನಂತಿರುವ ಸಿಎಚ್ 701 ನಮ್ಮ ಎನ್‌ಸಿಸಿ ಕೆಡೆಟ್‌ಗಳ ತರಬೇತಿಗೂ ಬಳಕೆಯಾಗಿದೆ. ಕಲಿಯುವವರಿಗೆ ಇದೇ ಸುಲಭ. ಕಿಟ್‌ಫಾಕ್ಸ್ ಎರಡು ಬಗೆಯಲ್ಲೂ ಸಿಗುತ್ತದೆ.

ಇಳಿಜಾರು ಬಾಣೆಯನ್ನೇ ಪಟ್ಟಿಯಾಗಿ ಬಳಸುವವರು ಮೇಲ್ಮುಖವಾಗಿ ಇಳಿದು ಕೆಳಮುಖವಾಗಿ ಏರುತ್ತಾರೆ. ಹಗಲು ಕಾದ ಗಾಳಿ ಇಳಿಜಾರಿನುದ್ದಕ್ಕೂ ಮೇಲಕ್ಕೆ ಬೀಸುತ್ತದೆ. ಹಾಗಾಗಿ ಏರುವಾಗ ಅದು ಎದುರುಗಾಳಿಯಾಗಿ ಸಹಾಯ ಮಾಡಿದರೆ ಇಳಿಯುವಾಗ ಬೆನ್ನಹಿಂದಿನ ಗಾಳಿಯಾಗಿ ನೂಕುತ್ತದೆ, ಇಳಿವೇಗದ ಹತ್ತನೇ ಒಂದರಷ್ಟು ಹಿಂಗಾಳಿ ಇಳಿಯುವ ದೂರವನ್ನು 1.2 ಪಟ್ಟು ಮಾಡುತ್ತದೆ. ಇಂಥ ಪಟ್ಟಿಯಲ್ಲಿ ಒಮ್ಮೆ ಇಳಿಯಲು ಹೊರಟರೆ ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಎದುರಿನ ಗುಡ್ಡ ಬಿಡುವುದಿಲ್ಲ. ಇಲ್ಲಿ ಕೂಡ ಬಲವುಳ್ಳ ಎಂಜಿನ್ನೇ ಉಳಿಸಬೇಕು. ಗದ್ದೆಗೆ ಮಣ್ಣು ತುಂಬಿಸಿ ಪಟ್ಟಿ ಮಾಡುವ ಯೋಚನೆಯನ್ನಂತೂ ದಯವಿಟ್ಟು ಬಿಡಿ. ಮಳೆಗಾಲದಲ್ಲಿ ನೀರು ನಿಲ್ಲಿಸಿ ಇಂಗಿಸುವ ಕೆಲಸ ಆ ಗದ್ದೆಯದು, 2018ರ ಆಗಸ್ಟ್‌ನ ನೆರೆ, ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೆಟ್ರೋಲು, ಮಂಜು, ನಾಲ್ಕು ತಿಂಗಳ ಮಳೆ

ಇಂಧನದ ವಿಷಯ ಕೊಡಗಿನಲ್ಲಿ ಮಾತ್ರವಲ್ಲ, ಇಡೀ ದೇಶದಲ್ಲಿ ಈಚೆಗೆ ಬಿಗಡಾಯಿಸಿದೆ. ರೊಟ್ಯಾಕ್ಸ್ 912 ಮಾದರಿಯ ದೊಡ್ಡ ಆಕರ್ಷಣೆಯೇ ಅದು ಕಾರಿನ ಪೆಟ್ರೋಲಿನಲ್ಲಿ ನಡೆಯುತ್ತದೆ ಎಂಬುದಾಗಿತ್ತು. ಆದರೆ ತಯಾರಕರು ಒಪ್ಪುವುದು ನೂರಕ್ಕೆ ಹತ್ತರವರೆಗಿನ ಎಥೆನಾಲ್ ಮಾತ್ರ, 100 ಅಶ್ವಶಕ್ತಿಯ ಮಾದರಿಗೆ 95 ಆಕ್ಟೇನ್ ಬೇಕು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ನೂರಕ್ಕೆ ಇಪ್ಪತ್ತು. ಕೊಡಗಿನಂಥ ತೇವದ ಹವೆಯಲ್ಲಿ ಎಥೆನಾಲ್ ನೀರನ್ನು ಹೀರಿ, ತೊಟ್ಟಿಯ ತಳದಲ್ಲಿ ಬೇರ್ಪಟ್ಟು ನಿಲ್ಲುತ್ತದೆ. ಇಂಧನ ತಂದಾಗಲೆಲ್ಲ ಅಳತೆಗೆರೆಯಿರುವ ಗಾಜಿನ ನಳಿಕೆಯಲ್ಲಿ ಒಂದು ಪಾಲು ನೀರು, ಒಂಬತ್ತು ಪಾಲು ಪೆಟ್ರೋಲು ಹಾಕಿ ಕುಲುಕಿ ಬಿಡಬೇಕು. ತಳದ ನೀರಿನ ಮಟ್ಟ ಏರಿದ್ದರೆ ಅದರಲ್ಲಿ ಎಥೆನಾಲ್ ಇದೆ ಎಂದರ್ಥ. ವಿಮಾನದ್ದೇ ಆದ ಏವ್‌ಗ್ಯಾಸ್ 100 ಎಲ್ಎಲ್ ಇಂಧನವನ್ನು ಇಂಡಿಯನ್ ಆಯಿಲ್ 2022ರಿಂದ ದೇಶದಲ್ಲೇ ತಯಾರಿಸುತ್ತಿದೆ. ಕಾರ್ಬನ್ ಕಬ್‌ಗೂ ಸೂಪರ್ ಕಬ್‌ಗೂ ಅದು ಸಹಜ ಆಹಾರ. ರೊಟ್ಯಾಕ್ಸ್ ಕೂಡ ಅದನ್ನು ಒಪ್ಪುತ್ತದೆ, ಆದರೆ ಸೀಸ ಇರುವುದರಿಂದ ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು. ಯಾವ ವಿಮಾನ ಕೊಂಡರೂ ಏವ್‌ಗ್ಯಾಸ್ ಡ್ರಮ್ಮು ತರಿಸುವ ವ್ಯವಸ್ಥೆಯನ್ನು ಮೊದಲು ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು.

ಮಂಜಿನ ಬಗ್ಗೆ ನಮಗೆ ಗೊತ್ತು ಎಂದುಕೊಂಡಿರುತ್ತೇವೆ; ಕಾಣದ ಮಂಜುಗಡ್ಡೆಯ ಬಗ್ಗೆ ಗೊತ್ತಿರುವುದಿಲ್ಲ. ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿ ಹಿಗ್ಗುವಾಗ, ಪೆಟ್ರೋಲು ಆವಿಯಾಗುವಾಗ ತಾಪ ಥಟ್ಟನೆ ಬೀಳುತ್ತದೆ. ಹೊರಗೆ 18 ಅಥವಾ 20 ಡಿಗ್ರಿ ಇದ್ದು ಗಾಳಿ ತೇವದಿಂದ ತುಂಬಿದ್ದರೆ ಅಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಇದು ಮಡಿಕೇರಿ, ಸೋಮವಾರಪೇಟೆಗಳ ಬೆಳಗಿನ ಹವೆಯ ವರ್ಣನೆಯೇ ಆಗಿದೆ. ಕಾರ್ಬುರೇಟರ್ ಇರುವ ಯಾವ ಎಂಜಿನ್ನಿಗೂ ಬಿಸಿಗಾಳಿಯ ವ್ಯವಸ್ಥೆ ಇಲ್ಲಿ ಕಡ್ಡಾಯವೆಂದೇ ತಿಳಿಯಬೇಕು. ಕಾರ್ಬುರೇಟರ್ ಇಲ್ಲದೆ ಇಂಧನವನ್ನು ಚಿಮ್ಮಿಸುವ 915 ಐಎಸ್, ಹಾಗೆಯೇ ಎಫ್ಎಕ್ಸ್-3 ವಿಮಾನದ ಎಂಜಿನ್ ಈ ಕಾಟದಿಂದ ಬಹುಮಟ್ಟಿಗೆ ಮುಕ್ತ. ಇದಕ್ಕೆ ಪ್ರತಿಯಾಗಿ 915 ಐಎಸ್ ವಿದ್ಯುತ್ತನ್ನು ನಂಬಿದ ಎಂಜಿನ್. ಅದರ ವಿದ್ಯುತ್ ವ್ಯವಸ್ಥೆ ಪೂರ್ತಿ ಕೈಕೊಟ್ಟರೆ ಎಂಜಿನ್ನೂ ನಿಲ್ಲುತ್ತದೆ. 912 ಯುಎಲ್ಎಸ್ ಬ್ಯಾಟರಿ ಸತ್ತರೂ ನಡೆಯುತ್ತದೆ, ಅದನ್ನು ಬಿಚ್ಚಿ ಜೋಡಿಸಬಲ್ಲವರೂ ಹೆಚ್ಚು ಸಿಗುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ಹಾರುವುದಿಲ್ಲ, ನಿಂತಿರುತ್ತದೆ. ವರ್ಷದ ಮೂರನೇ ಒಂದು ಭಾಗ ತೇವದಲ್ಲಿ ನಿಲ್ಲುವ ವಸ್ತುವಿಗೆ ನಿಲ್ಲುವ ಗುಣವೂ ಮುಖ್ಯ. ಕಾರ್ಬನ್ ಕಬ್, ಕಿಟ್‌ಫಾಕ್ಸ್, ಸೂಪರ್‌ಸ್ಟೋಲ್ ಮೂರೂ ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ಹೊದಿಸಿದವು. ಬಟ್ಟೆಗೆ ಬೂಷ್ಟು, ಕೊಳವೆಗೆ ತುಕ್ಕು, ಒಳಗೆ ಇಲಿ ಎಲ್ಲವನ್ನೂ ನೋಡಿಕೊಳ್ಳಬೇಕು. ಸಿಎಚ್ 750 ಕಟ್ಟಿರುವ 6061-ಟಿ6 ಅಲ್ಯೂಮಿನಿಯಂ ತುಕ್ಕನ್ನು ಚೆನ್ನಾಗಿ ತಡೆಯುವ ಮಿಶ್ರಲೋಹ, ರಿವೆಟ್ ಕಿತ್ತು ತಗಡು ಬದಲಿಸುವುದು ಕುಶಲ ಕೈಗೆ ಕಷ್ಟವಲ್ಲ. ಕಿಟ್‌ಫಾಕ್ಸ್ ಮತ್ತು ಸೂಪರ್‌ಸ್ಟೋಲ್ ಪಕ್ಷದಲ್ಲಿ ಒಂದು ದೊಡ್ಡ ಅನುಕೂಲ: ರೆಕ್ಕೆ ಮಡಚಿದರೆ ಅವು ಕಾಫಿ ಗೋಡೌನಿನ ಒಂದು ಮಗ್ಗುಲಲ್ಲಿ ಹಿಡಿಸುತ್ತವೆ. ಮಳೆಗಾಲದಲ್ಲಿ ಖಾಲಿ ಇರುವ ಗೋಡೌನು ಒಣಗಿದ, ಗಾಳಿಯಾಡುವ ಜಾಗ. ಹೊಸ ಹ್ಯಾಂಗರ್ ಕಟ್ಟುವ ಖರ್ಚು ಉಳಿಯುತ್ತದೆ. ಎಲ್ಲಿಟ್ಟರೂ ಗಾಳಿಯ ವೇಗ ಅಳೆಯುವ ಪಿಟೋ ಕೊಳವೆಗೆ ಮುಚ್ಚಳ ಹಾಕಿಡಬೇಕು, ಇಲ್ಲವಾದರೆ ಒಂದೇ ವಾರದಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ.

ಪರವಾನಗಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ 2024 ಜಾರಿಯಲ್ಲಿದೆ. ನೋಂದಣಿ, ಆಮದು, ಹಾರಾಟದ ಯೋಗ್ಯತೆ, ಖಾಸಗಿ ಪಟ್ಟಿ ಎಲ್ಲಕ್ಕೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆ ಬೇಕು. ಕಿಟ್ ರೂಪದಲ್ಲಿ ತಂದು ಕಟ್ಟುವ ವಿಮಾನಕ್ಕೂ ಸಿದ್ಧವಾಗಿ ಬರುವ ವಿಮಾನಕ್ಕೂ ದಾರಿ ಬೇರೆ. ಅಮೆರಿಕದಲ್ಲಿ ಒಂದು ಮಾದರಿ ಯಾವ ವರ್ಗಕ್ಕೆ ಸೇರಿದೆ ಎನ್ನುವುದು ಇಲ್ಲಿ ತಾನಾಗಿ ಅನ್ವಯವಾಗುವುದಿಲ್ಲ. ಮುಂಗಡ ಕೊಡುವ ಮುನ್ನವೇ ಮಾದರಿಯ ಹೆಸರು, ಎಂಜಿನ್, ಗರಿಷ್ಠ ತೂಕ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ.

ಹಾಗಾದರೆ ಯಾವುದು? ದಕ್ಷಿಣ ಕೊಡಗಿನ ಕಿರಿದಾದ ಕಣಿವೆಯಲ್ಲಿ, ಮರಗಳ ನಡುವೆ, ಸದಾ ಇಬ್ಬರು ಹಾರುವವರಿಗೆ ಎಫ್ಎಕ್ಸ್-3 ಬಗೆಯ ಕಾರ್ಬನ್ ಕಬ್ ಬಿಟ್ಟರೆ ಬೇರೆಯದನ್ನು ಹೇಳಲು ನನಗೆ ಧೈರ್ಯವಿಲ್ಲ. ಅದರ ಬೆಲೆ ಈ ಐದರಲ್ಲಿ ಎಲ್ಲಕ್ಕಿಂತ ಹೆಚ್ಚು ಎನ್ನುವುದನ್ನು ತಿಳಿದೇ ಹೇಳುತ್ತಿದ್ದೇನೆ. ಕುಶಾಲನಗರದ ಕಡೆಯ ತೆರೆದ ಬಯಲಿನಲ್ಲಿ ಜಾಗವಿದ್ದು, ಹೊಸದಾಗಿ ಕಲಿಯುತ್ತಿದ್ದು, ಸ್ವಂತ ಕೈಯಿಂದ ರಿಪೇರಿ ನೋಡಿಕೊಳ್ಳುವವರಿಗೆ ಸಿಎಚ್ 750. ಕುಶಾಲನಗರದಿಂದ ಬೆಂಗಳೂರಿನ ಜಕ್ಕೂರಿಗೆ ಆಕಾಶಮಾರ್ಗ ಸುಮಾರು 190 ಕಿಲೋಮೀಟರ್. ಆ ದಾರಿಯಲ್ಲಿ ಆಗಾಗ ಓಡಾಡುವವರಿಗೆ, ಗಂಟೆಗೆ ಅಷ್ಟೇ ವೇಗದಲ್ಲಿ ಸಾಗಬಲ್ಲ, ಗೋಡೌನಿನಲ್ಲಿ ಹಿಡಿಸುವ, 915 ಐಎಸ್ ಎಂಜಿನ್ನಿನ ಕಿಟ್‌ಫಾಕ್ಸ್. ನನ್ನ ಸ್ವಂತ ಆಯ್ಕೆಯೂ ಅದೇ. ಸೂಪರ್‌ಸ್ಟೋಲ್ ನುರಿತ ಪೈಲಟ್‌ನ ಎರಡನೆಯ ವಿಮಾನ. ಹಳೆಯ ಸೂಪರ್ ಕಬ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ, ಆದರೆ ಮಡಿಕೇರಿಯ ಎತ್ತರದಲ್ಲಿ ಅದಕ್ಕೆ ಪೂರ್ಣ ಹೊರೆ ಹೊರಿಸಬೇಡಿ.

ಕೊಳ್ಳುವ ಮುನ್ನ ಪರೀಕ್ಷಾ ಹಾರಾಟವನ್ನು ಬೆಳಗಿನ ತಂಪಿನಲ್ಲಿ ಒಪ್ಪಿಕೊಳ್ಳಬೇಡಿ. ಮಾರ್ಚ್ ಕೊನೆಯಲ್ಲೋ ಏಪ್ರಿಲ್‌ನಲ್ಲೋ, ಹೂಮಳೆಯ ಮೋಡವಿಲ್ಲದ ದಿನ, ಮಧ್ಯಾಹ್ನ ಮೂರಕ್ಕೆ, ಇಬ್ಬರು ಕುಳಿತು, ತೊಟ್ಟಿ ತುಂಬಿಸಿ ಹಾರಿಸಲು ಕೇಳಿ. ನಿಮಿಷಕ್ಕೆ ಎಷ್ಟು ಅಡಿ ಏರಿತು, ಯಾವ ವೇಗದಲ್ಲಿ ಏರಿತು ಎಂಬ ಎರಡೇ ಅಂಕಿ ಬರೆದುಕೊಂಡರೆ ನಿಮ್ಮ ಮರದ ಲೆಕ್ಕ ಮನೆಯಲ್ಲೇ ಆಗುತ್ತದೆ. ವಿಮಾನ ಮನೆಗೆ ಬಂದ ಮೇಲೆ ಪಟ್ಟಿಯ ನಡುಮಧ್ಯಕ್ಕೆ ಸರಿಯಾಗಿ ಎರಡು ಬದಿಗೂ ಬಿಳಿ ಬಣ್ಣದ ಕಲ್ಲು ನೆಡಿಸಿ. ಆ ಕಲ್ಲು ಬರುವಷ್ಟರಲ್ಲಿ, ನೆಲ ಬಿಡಲು ಬೇಕಾದ ವೇಗದ ನೂರಕ್ಕೆ ಎಪ್ಪತ್ತು ಭಾಗವನ್ನು ಮುಳ್ಳು ತೋರಿಸದಿದ್ದರೆ ಥ್ರಾಟಲ್ ಹಿಂದಕ್ಕೆಳೆದು ನಿಲ್ಲಿಸಿ, ಒಬ್ಬರನ್ನು ಇಳಿಸಿ, ಬಿಸಿಲು ತಗ್ಗುವ ತನಕ ಕಾಯಿರಿ.